ನಿಯಮಾನುಸಾರ

೨೦೦೨ರಲ್ಲಿ ನಮ್ಮ ಜಿಲ್ಲೆಯ ಶಾಸಕರೊಬ್ಬರ ತುಮಕೂರು ಕಚೇರಿಯಲ್ಲಿ ಪತ್ರ ಬರೆಯುವ ಕೆಲಸಕ್ಕೆ ಸೇರಿದೆ. ಕನ್ನಡ ಎಂ.ಎ. ಮುಗಿದು ಎರಡು ತಿಂಗಳಾಗಿತ್ತು. ಶಾಸಕರು ತಾವು ಓದಿದ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳ ಸಂಘಕ್ಕೂ ಅಧ್ಯಕ್ಷರು. ಹಾಗಾಗಿ ಮತದಾರರ ಜೊತೆ ಸಹಪಾಠಿಗಳೂ ಬರುತ್ತಿದ್ದರು.

ಅವರಲ್ಲಿ ಪುಟ್ಟರಾಜು ಮೇಷ್ಟ್ರು ಒಬ್ಬರು. ಹಾಸ್ಟೆಲಿನಲ್ಲಿ ಇಬ್ಬರದೂ ಒಂದೇ ಕೋಣೆಯಂತೆ.

"ಏನ್ಲಾ, ಎಮ್ಮೆಲ್ಲೆ ಆದ್ಮೇಲೆ ಹೊಟ್ಟೆಗೂ ಪ್ರಮೋಷನ್ನಾ?" ಎನ್ನುತ್ತಲೇ ಒಳಬಂದರು.

"ನಿನ್ ಕೂದ್ಲು ಆಗ್ಲೇ ರಿಟೈರ್ ಆಗೈತಲ್ಲ, ಕೂತ್ಕೋ" ಎಂದರು ಶಾಸಕರು.

ನಗು ಅಷ್ಟಕ್ಕೇ ನಿಂತಿತು. ಮೇಷ್ಟ್ರ ಹೆಂಡತಿ ಗೌರಮ್ಮನವರಿಗೆ ಪಾರ್ಶ್ವವಾಯು ಬಡಿದಿತ್ತು. ಮನೆ ಗುಬ್ಬಿಯಲ್ಲಿ, ಶಾಲೆ ಕುಣಿಗಲ್‌ನಿಂದಾಚೆಯ ಹಳ್ಳಿಯಲ್ಲಿ. ಬೆಳಿಗ್ಗೆ ಆರಕ್ಕೆ ಹೊರಟರೆ ಮರಳುವುದು ಸಂಜೆ ಏಳಕ್ಕೆ. ಅಷ್ಟು ಹೊತ್ತೂ ಆಕೆ ಒಬ್ಬರೇ. ಗುಬ್ಬಿಯಲ್ಲೇ ಒಂದು ಹುದ್ದೆ ಖಾಲಿಯಿತ್ತು.

"ಬರ್ಕೊಡಮ್ಮ, ನನ್ ರೂಮ್‌ಮೇಟು" ಎಂದು ಹೇಳಿ ಶಾಸಕರು ಕ್ಯಾತ್ಸಂದ್ರದ ಸಮಾರಂಭಕ್ಕೆ ಎದ್ದರು.

ಮೇಷ್ಟ್ರು ತಂದಿದ್ದ ಕರಡು 'ದಯವಿಟ್ಟು ವರ್ಗಾಯಿಸಿ' ಎಂದು ಮುಗಿದಿತ್ತು. ಶಾಸಕರ ಪತ್ರಕ್ಕೆ ಅದು ಸಾಲದೆನ್ನಿಸಿತು. 'ನಿಯಮಾನುಸಾರ ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲು ಕೋರಿದೆ' ಎಂದು ತಿದ್ದಿದೆ. ಶಾಸಕರು ಓದದೆ, ಕಾರಿನ ಬಾನೆಟ್ಟಿನ ಮೇಲಿಟ್ಟುಕೊಂಡು ಸಹಿ ಹಾಕಿದರು. ಮೇಷ್ಟ್ರು ಓದಿದರು. ಮಡಿಸಿ ಜೇಬಿಗಿಟ್ಟು, "ಬರ್ತೀನಮ್ಮ" ಎಂದಷ್ಟೇ ಹೇಳಿದರು. ಮತ್ತೆ ಬರಲೂ ಇಲ್ಲ, ಫೋನ್ ಮಾಡಲೂ ಇಲ್ಲ. ಕೆಲಸ ಆಗಿರಬೇಕೆಂದು ನಾವು ತಿಳಿದೆವು.

ಮೂರು ತಿಂಗಳಿಗೆ ಗೌರಮ್ಮ ತೀರಿಕೊಂಡ ಸುದ್ದಿ ಬಂತು. ಮಧ್ಯಾಹ್ನ ನೀರಿಗೆಂದು ಎದ್ದವರು ಬಿದ್ದಿದ್ದರು. ಸಂಜೆ ಮೇಷ್ಟ್ರು ಕುಣಿಗಲ್ ಕಡೆಯಿಂದ ಬಂದು ಬಾಗಿಲು ತೆಗೆಯುವವರೆಗೆ ಯಾರಿಗೂ ಗೊತ್ತಾಗಿರಲಿಲ್ಲ.

ಶಾಸಕರೂ ನಾನೂ ಗುಬ್ಬಿಗೆ ಹೋದಾಗ ಮೇಷ್ಟ್ರು ಜಗಲಿಯಲ್ಲಿ ಕೂತಿದ್ದರು. "ನಿಯಮಾನುಸಾರ ಅಂತ ಓದ್ದಾಗ್ಲೇ ಗೊತ್ತಾಯ್ತು ಕಣೋ. ಆಗಲ್ಲ ಅಂತ ಬಾಯಲ್ಲೇ ಹೇಳ್ಬೋದಿತ್ತು. ಬುಡು."

ಶಾಸಕರು ಒಮ್ಮೆ ನನ್ನತ್ತ ನೋಡಿದರು. ನಂತರ, "ತಪ್ಪಾಯ್ತು ಕಣೋ" ಎಂದರು.

ಆ ಪದದಲ್ಲೇನು ತಪ್ಪೆಂದು ಕಾರಿನಲ್ಲಿ ನಾನು ಕೇಳಿದಾಗ ಶಾಸಕರು ಹೇಳಿದರು: "ಆಫೀಸುಗಳಲ್ಲಿ ಆ ಪದ ಇದ್ರೆ, ಮಾಡ್ಬೇಡಿ ಅಂತ ಅರ್ಥ ಕಣಮ್ಮ. ನಾನು ಓದ್ಬೇಕಿತ್ತು."

"ಬರೆದಿದ್ದು ನಾನು ಅಂತ ಅವ್ರಿಗೆ ಹೇಳ್ತೀನಿ ಸರ್."

"ಬೇಡ. ಒಂದು ಪದ ಹೆಚ್ಚುಕಮ್ಮಿ ಆಗಿ ಹೆಂಡ್ತಿ ಹೋದ್ಲು ಅಂತ ಗೊತ್ತಾದ್ರೆ ಅವ್ನು ಹೆಂಗೆ ತಡ್ಕೊತಾನೆ? ನನ್ ಮೇಲೆ ಸಿಟ್ಟಾದ್ರೂ ಇರ್ಲಿ."

ಒಂದು ಪದ ಕಚೇರಿಯಲ್ಲಿ ಯಾವ ಅರ್ಥದಲ್ಲಿ ಬದುಕಿದೆ ಎಂದು ಕೇಳದೆ ಬರೆಯಬಾರದು ಎಂಬುದನ್ನು ಆ ಕೆಲಸ ನನಗೆ ಕಲಿಸಿತು. ಮೇಷ್ಟ್ರು ಮತ್ತೆ ಸಂಘದ ಸಭೆಗೆ ಬರಲಿಲ್ಲ. ಅವರ ಆಹ್ವಾನ ಪತ್ರಿಕೆಯ ಮೇಲೆ ವಿಳಾಸವನ್ನು ಪ್ರತಿ ವರ್ಷವೂ ನಾನೇ ಬರೆದೆ.