ನುಂಗಿದ್ದಾರೆ ಎಂದು ಬರೆದದ್ದು

ಹದಿನೆಂಟು ವರ್ಷದಿಂದ ನಾನು ಮಾಡುತ್ತಿರುವ ಕೆಲಸವೆಂದರೆ ಕಾಯಿಲೆ ಇಲ್ಲದವರಿಗೆ ಮದ್ದು ಕೊಡುವುದು. ಊರಿನವರು ಸಿಸ್ಟರ್ ಎನ್ನುತ್ತಾರೆ. ಆದರೆ ಜ್ವರ ಇಳಿಸಿದ ಆಸ್ಪತ್ರೆಯ ಸಿಸ್ಟರನ್ನು ನೆನೆಯುವ ಹಾಗೆ, ಜ್ವರ ಬಾರದಂತೆ ನೋಡಿಕೊಂಡವಳನ್ನು ಯಾರೂ ನೆನೆಯುವುದಿಲ್ಲ. ಬಾರದ ಜ್ವರ ಯಾರ ಕಣ್ಣಿಗೆ ಬೀಳುತ್ತದೆ ಹೇಳಿ? ಈ ಮಾತನ್ನು ಮೊದಲೆಲ್ಲ ಸ್ವಲ್ಪ ಜಂಬದಿಂದಲೇ ಹೇಳಿಕೊಳ್ಳುತ್ತಿದ್ದೆ. ಈಗ ಹೇಳುವುದಿಲ್ಲ.

ನನ್ನ ಉಪಕೇಂದ್ರ ಬೈಂದೂರು ಕಡೆಯದು. ಹೆದ್ದಾರಿಯ ಪಡುವಣಕ್ಕೆ ಕಡಲು, ಮೂಡಣಕ್ಕೆ ಗದ್ದೆ. ಮಳೆಗಾಲದಲ್ಲಿ ಬೋಟು ಕಡಲಿಗೆ ಇಳಿಯುವಂತಿಲ್ಲ, ಗಂಡಸರು ಮನೆಯಲ್ಲಿ ಬಲೆ ಹೆಣೆಯುತ್ತ ಕೂರುತ್ತಾರೆ. ಹೆಂಗಸರು ನಟ್ಟಿಗೆ, ಅಂದರೆ ಭತ್ತದ ನಾಟಿಗೆ ಹೋಗುತ್ತಾರೆ. ಗದ್ದೆಯ ನೀರಿನಲ್ಲಿ ಇಲಿಯ ಮೂತ್ರ ಸೇರಿರುತ್ತದೆ, ಇವರ ಹಿಮ್ಮಡಿಯಲ್ಲಿ ಬಿರುಕು ಇದ್ದೇ ಇರುತ್ತದೆ. ಇಲಿಜ್ವರ ಒಳಗೆ ಬರಲು ಅಷ್ಟು ಸಾಕು. ಅದಕ್ಕೆ ನಟ್ಟಿ ಮುಗಿಯುವ ತನಕ ವಾರಕ್ಕೊಮ್ಮೆ ಮಾತ್ರೆ ಕೊಡುತ್ತೇವೆ. ನಮ್ಮೆದುರಿಗೇ ನುಂಗಬೇಕು, ನುಂಗಿದ ಮೇಲೆಯೇ ರಿಜಿಸ್ಟರಿನಲ್ಲಿ ಗುರುತು ಹಾಕಬೇಕು ಎಂಬುದು ನಿಯಮ.

ಮೂರು ವರ್ಷದ ಹಿಂದಿನ ಮಾತು. ಎರಡನೇ ವಾರ ಮಾತ್ರೆ ನುಂಗಿದ ಒಬ್ಬಳು ಗದ್ದೆಯ ಅಂಚಿನ ಮೇಲೆ ಕೂತು ವಾಂತಿ ಮಾಡಿಕೊಂಡಳು. ಉಳಿದವರು ಕೈ ಹಿಂದೆ ಮಾಡಿದರು. ಆಗ ಮುಂದೆ ಬಂದವರು ಆ ಗುಂಪಿನ ಹಿರಿಯ ಹೆಂಗಸು. ಐವತ್ತರ ಹತ್ತಿರದವರು, ಗದ್ದೆಗೆ ಎಲ್ಲರಿಗಿಂತ ಮೊದಲು ಇಳಿಯುವವರು. ಇಪ್ಪತ್ತರ ಮಗಳೂ ಅವರ ಪಕ್ಕದಲ್ಲೇ ನೆಡುತ್ತಿದ್ದಳು.

"ಹ್ವಾಯ್ ಸಿಸ್ಟ್ರೇ, ಖಾಲಿ ಹೊಟ್ಟಿಗೆ ಇದನ್ ನುಂಗಿ ಬಗ್ಗುಕ್ ಆತಿಲ್ಲೆ. ನನ್ ಕೈಯಗ್ ಕೊಡಿ. ಗಂಜಿ ಉಂಡ್ಮೇಲೆ ಎಲ್ಲರಿಗೂ ನಾನೇ ನುಂಗ್ಸ್ತೆ."

ಅವರು ಹೇಳಿದ್ದು ಸರಿಯೇ ಇತ್ತು. ನನಗೂ ಇನ್ನೂ ಮೂರು ಬಯಲು ಬಾಕಿ, ಸಂಜೆ ನಾಲ್ಕರೊಳಗೆ ಫೋನಿನ ಗುಂಪಿಗೆ ವರದಿ ಹಾಕಬೇಕು, ಮಳೆ ಬೇರೆ ಬಿಡುತ್ತಿರಲಿಲ್ಲ. ಹನ್ನೆರಡು ಜನರ ಮಾತ್ರೆಯನ್ನು ಅವರ ಕೈಗೆ ಹಾಕಿ, ಹನ್ನೆರಡು ಹೆಸರಿನ ಮುಂದೆ ಗುರುತು ಹಾಕಿದೆ. ಮುಂದಿನ ವಾರಗಳಲ್ಲೂ ಹಾಗೇ ಮಾಡಿದೆ. ಅಂಥ ಹೆಂಗಸು ಪ್ರತಿ ಬಯಲಿಗೊಬ್ಬಳು ಇದ್ದರೆ ನನ್ನ ಕೆಲಸ ಎಷ್ಟು ಹಗುರ ಎಂದು ಮೀಟಿಂಗಿನಲ್ಲಿ ಹೊಗಳಿಯೂ ಬಂದೆ.

ಐದನೇ ವಾರದ ಮಾತ್ರೆ ಕೊಟ್ಟ ಕೆಲವು ದಿನಕ್ಕೆ, ಪಕ್ಕದ ಮನೆಯ ಮಗುವಿನ ಚುಚ್ಚುಮದ್ದಿಗೆಂದು ಹೋದವಳು ಅವರ ಮನೆಗೂ ಇಣುಕಿದೆ. ಅವರು ಚಾಪೆಯ ಮೇಲೆ ಮಲಗಿದ್ದರು. ನಾಲ್ಕು ದಿನದಿಂದ ಜ್ವರ, ಕಣ್ಣು ಅರಶಿನದ ಹಾಗೆ ಹಳದಿ. ಪಕ್ಕದಲ್ಲಿ ಉಪ್ಪು ಹಾಕದ ಗಂಜಿ.

"ಕಾಮಾಲಿ ಅಂಬ್ರ್," ಎಂದರು. "ಕೆರಾಡಿ ಬದಿಯಿಂದ ಹಸ್ರ್ ಮದ್ದ್ ತಂದಿತ್ತ್. ಸೂಜಿ ಚುಚ್ಚ್ಸ್ಕಂಡ್ರೆ ಮದ್ದ್ ಹಿಡಿತಿಲ್ಲೆ ಅಂಬ್ರ್. ಪಥ್ಯ ಮುಗೀಲಿ ಸಿಸ್ಟ್ರೇ."

ಜ್ವರವಿದ್ದು ಕಣ್ಣು ಹಳದಿಯಾದರೆ, ಮಾತ್ರೆ ನುಂಗಿರಲಿ ಬಿಡಲಿ, ಅದೇ ದಿನ ರಕ್ತ ಪರೀಕ್ಷೆ ಮಾಡಿಸಬೇಕು. ತರಬೇತಿಯಲ್ಲಿ ನಾನೇ ಕಿರಿಯರಿಗೆ ಹೇಳಿಕೊಟ್ಟ ಪಾಠ ಇದು. ಆದರೆ ಆ ಹೊತ್ತಿಗೆ ನಾನು ಮಾಡಿದ್ದೇನು? ರಿಜಿಸ್ಟರ್ ತೆಗೆದು ನೋಡಿದೆ. ಐದು ವಾರ, ಐದು ಗುರುತು, ಐದೂ ನನ್ನದೇ ಕೈಯವು. ಹಾಗಾದರೆ ಇದು ಇಲಿಜ್ವರ ಅಲ್ಲ, ಬರೀ ಕಾಮಾಲೆ ಎಂದುಕೊಂಡೆ. ಇನ್ನೊಂದನ್ನೂ ಮುಚ್ಚಿಡುವುದಿಲ್ಲ. ಹೆಮ್ಮಾಡಿಯ ನನ್ನ ತವರಿನಲ್ಲಿ, ಚಿಕ್ಕಂದಿನಲ್ಲಿ ನನಗೆ ಕಾಮಾಲೆಯಾದಾಗ ಅಮ್ಮ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕುಡಿಸಿದ್ದರು, ನಾನು ಗುಣವಾಗಿದ್ದೆ. ಸಮವಸ್ತ್ರದ ಒಳಗೆ ಆ ಹುಡುಗಿ ಇನ್ನೂ ಇದ್ದಳು. ಪಥ್ಯ ಮುರಿಸಲು ನನಗೇ ಮನಸ್ಸು ಬರಲಿಲ್ಲ.

"ನಾಡಿದ್ದ್ ಬತ್ತೆ ಅಕ್ಕ. ಕಡ್ಮಿ ಆಗ್ದಿದ್ರೆ ರಕ್ತ ಪರೀಕ್ಷೆ ಮಾಡ್ಸ್ವ," ಎಂದು ಹೇಳಿ ಹೊರಟೆ.

ನಾಡಿದ್ದು ಹೋದಾಗ ಅವರಿಗೆ ಮೂತ್ರ ನಿಂತಿತ್ತು. ಮೀನಖಂಡ ಮುಟ್ಟಿದರೆ ಚೀರುತ್ತಿದ್ದರು. ಆಂಬುಲೆನ್ಸ್ ಕರೆಸಿದೆ. ಗಂಡ ಡ್ರೈವರಿನ ಪಕ್ಕ ಕೂತರು, ನಾನು ಹಿಂದೆ ಅವರ ಜೊತೆ. ದಾರಿಯಲ್ಲಿ, "ಅಕ್ಕ, ಮಾತ್ರೆ ನುಂಗಿದ್ರಿ ಅಲ್ದಾ?" ಎಂದು ಕೇಳಿದೆ.

"ಎಲ್ಲರಿಗೂ ನುಂಗ್ಸಿದೆ. ನಂದ್ ನುಂಗ್ಲಿಲ್ಲೆ," ಎಂದರು. "ಸೀಕ್ ಇಲ್ದೇ ಮದ್ದ್ ಎಂತಕ್ ಹಾಳ್ ಮಾಡುದ್? ಇವ್ರ್ ಬೋಟಿಗ್ ಹೋದ್ರೆ ಹತ್ತ್ ದಿನ ನೀರ್ ಮೇಲೆ. ಅಲ್ಲ್ ಜ್ವರ ಬಂದ್ರೆ ಯಾರಿತ್ರ್? ಮಾಡಿನ್ ಹಂಚಿನ್ ಸಂದಿಯಗೆ ಕಟ್ಟಿ ಇಟ್ಟಿದ್ದೆ. ಬೋಟಿಗ್ ಹೋಪತಿಗೆ ಕೊಡುಕ್ ಅಂದೇಳಿ."

ದೊಡ್ಡಾಸ್ಪತ್ರೆಯಲ್ಲಿ ಡಯಾಲಿಸಿಸ್ ಮಾಡಿದರು. ನಾಲ್ಕನೇ ದಿನ ತೀರಿಕೊಂಡರು.

ಸಾವಿನ ವಿಚಾರಣೆಗೆ ನಮ್ಮ ವೈದ್ಯಾಧಿಕಾರಿ ಕರೆದರು. ಮಾತ್ರೆ ಕೊಟ್ಟಿದ್ದಿರಾ ಎಂದು ಕೇಳಿದರು. ರಿಜಿಸ್ಟರ್ ತೆರೆದು ತೋರಿಸಿ, "ಐದು ವಾರವೂ ನುಂಗಿದ್ದಾರೆ ಸರ್," ಎಂದೆ. ನಾಲಿಗೆ ತಡವರಿಸಲೂ ಇಲ್ಲ. ಅವರು ಬರೆದುಕೊಂಡರು. ನಾನು ಬಚಾವಾದೆ ಎಂದುಕೊಂಡು ಮನೆಗೆ ಬಂದು ಹೊಟ್ಟೆತುಂಬ ಉಂಡೆ. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಸುಳ್ಳು ಆ ಕಾಗದದಲ್ಲೇ ಉಳಿದಿದ್ದರೆ ನಾನು ಮಾತ್ರ ಹಾಳಾಗುತ್ತಿದ್ದೆ. ಅದು ಊರಿಗೆ ಬಂತು. "ಮಾತ್ರಿ ನುಂಗಿಯೂ ಸತ್ತ್ರ್ ಗಡ" ಎಂಬ ಮಾತು ಒಂದು ಬಯಲಿನಿಂದ ಇನ್ನೊಂದಕ್ಕೆ ಹೋಯಿತು. ಮರುವರ್ಷ ನಟ್ಟಿಗೆ ನಾನು ಹೋದರೆ ಹೆಂಗಸರು ಬಗ್ಗಿದ ತಲೆ ಎತ್ತಲಿಲ್ಲ. ಎಲ್ಲರಿಗಿಂತ ಗಟ್ಟಿಯಾಗಿ ಬೇಡ ಎಂದವಳು ಅವರ ಮಗಳು. ಆ ಮಳೆಗಾಲದಲ್ಲಿ ಅದೇ ಬಯಲಿನ ಇಬ್ಬರಿಗೆ ಇಲಿಜ್ವರ ಬಂತು. ಒಬ್ಬಳು ಇಪ್ಪತ್ತು ದಿನ ಆಸ್ಪತ್ರೆಯಲ್ಲಿದ್ದು ಎದ್ದು ಬಂದಳು. ಇನ್ನೊಬ್ಬಳು ಬರಲಿಲ್ಲ.

ಆಗಲೂ ನಾನು ಬಾಯಿಬಿಡಲಿಲ್ಲ. ಮತ್ತೊಂದು ವರ್ಷ ಬೇಕಾಯಿತು.

ಕಳೆದ ನಟ್ಟಿಯಲ್ಲಿ ಅಂಚಿನ ಮೇಲೆ ನಿಂತು ಹೇಳಿದೆ. ಆ ಹುಡುಗಿ ತಾಯಿಯ ಜಾಗದಲ್ಲಿ, ಸಾಲಿನ ಮೊದಲಿಗೆ ಇದ್ದಳು. "ನಿನ್ನಮ್ಮ ಮಾತ್ರೆ ನುಂಗ್ಲಿಲ್ಲೆ. ಮೊದ್ಲ್ ವಾರದ್ದ್ ಬಿಟ್ರೆ ಒಂದೂ ನುಂಗ್ಲಿಲ್ಲೆ. ಅಪ್ಪಯ್ಯನಿಗ್ ಅಂದೇಳಿ ತೆಗ್ದಿಟ್ಟಿದ್ರ್. ನಾನ್ ಕಾಣ್ದೇ ನುಂಗಿದ್ರ್ ಅಂತ ಬರ್ದೆ. ಸಾಹೇಬ್ರಿಗೂ ಹಂಗೇ ಹೇಳ್ದೆ."

ಅವಳು ಕೈಯಲ್ಲಿದ್ದ ಭತ್ತದ ಅಗೆಯ ಕಟ್ಟನ್ನು ನೀರಿನಲ್ಲಿ ಬಿಟ್ಟು ನೆಟ್ಟಗೆ ನಿಂತಳು.

"ನಿಮ್ಗ್ ಯಾವತ್ತ್ ಗೊತ್ತಾಯ್ತ್?"

"ಆಂಬುಲೆನ್ಸಿನಗೇ."

"ಹೋದ್ ವರ್ಷ ನಾನೇ ಎಲ್ಲರಿಗೂ ನುಂಗ್ಬೇಡಿ ಅಂದದ್," ಎಂದಳು. "ಸತ್ತವ್ಳೂ ನನ್ ಮಾತ್ ಕೇಂಡೇ ನುಂಗ್ಲಿಲ್ಲೆ."

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಕೈ ತೊಳೆದುಕೊಂಡು ಅಂಚಿಗೆ ಬಂದು, ಎಲ್ಲರ ಮಾತ್ರೆಯನ್ನು ಎಣಿಸಿ ತೆಗೆದುಕೊಂಡಳು. "ಮುಂದಿನ್ ವಾರದಿಂದ ಆಶಾ ಅಕ್ಕನ್ ಹತ್ರ ಕಳ್ಸಿ. ನೀವ್ ಗದ್ದಿಗ್ ಬಪ್ಪುದ್ ಬ್ಯಾಡ," ಎಂದಳು.

ವೈದ್ಯಾಧಿಕಾರಿಗೂ ಎಲ್ಲವನ್ನೂ ಬರೆದುಕೊಟ್ಟೆ. ಮೇಲಿನವರು ಏನು ಮಾಡುತ್ತಾರೋ ಇನ್ನೂ ಗೊತ್ತಿಲ್ಲ. ಈಗ ಆಶಾ ಕಾರ್ಯಕರ್ತೆ ಗದ್ದೆಗೆ ಹೋಗುತ್ತಾಳೆ, ನಾನು ಸ್ಕೂಟಿ ನಿಲ್ಲಿಸಿ ರಸ್ತೆಯಲ್ಲೇ ನಿಲ್ಲುತ್ತೇನೆ. ಆ ಬಯಲಿನಲ್ಲಿ ಒಬ್ಬರೂ ಬಿಡದೆ ಮಾತ್ರೆ ನುಂಗುತ್ತಿದ್ದಾರೆ. ನಾನು ಅಲ್ಲಿಗೆ ಹೋಗುವುದಿಲ್ಲ ಎಂಬ ಕಾರಣಕ್ಕೇ ನುಂಗುತ್ತಿದ್ದಾರೆ.