ಅರಗು ಹಚ್ಚುವ ಕೈ

ತೇನಿಯಲ್ಲಿ ನಮ್ಮ ಮನೆಯ ಹಿಂದೆಯೇ ಅಪ್ಪನ ಮರಗೆಲಸದ ಕೊಟ್ಟಿಗೆ. ಮಂಚ, ಕುರ್ಚಿ, ಉಯ್ಯಾಲೆ ಎಲ್ಲವನ್ನೂ ಅವರು ಕೈಯಲ್ಲೇ ಮಾಡುತ್ತಿದ್ದರು. ಕೊನೆಗೆ ಅರಗಿನ ಹೊಳಪು ಕೊಡುವುದನ್ನು ಮಾತ್ರ ನನಗೂ ಕಲಿಸಿದ್ದರು. ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ಹತ್ತಿಯುಂಡೆಗೆ ಕುಡಿಸಿ, ಹಳೆಯ ಪಂಚೆಯ ತುಂಡಿನಲ್ಲಿ ಕಟ್ಟಿ, ಮರದ ಮೇಲೆ ಸುತ್ತಿ ಸುತ್ತಿ ತಿಕ್ಕಬೇಕು. ನಡುವೆ ಕೈ ನಿಂತರೆ ಉಂಡೆ ಅಂಟಿಕೊಂಡು, ಅಡಿಯ ಹೊಳಪನ್ನೂ ಕಿತ್ತುಕೊಂಡು ಬರುತ್ತದೆ.

ದಿಂಡುಕ್ಕಲ್ ಹತ್ತಿರದ ಚಿನ್ನಾಳಪಟ್ಟಿಯ ಸೀರೆ ವ್ಯಾಪಾರಿಯೊಬ್ಬರ ಬಳಿ ಅಂಚಿನ ಚಿತ್ತಾರ ಬರೆಯುವ ಕೆಲಸ ನನಗೆ ಸಿಕ್ಕಿತ್ತು. ಹೊರಡುವ ವಾರದಲ್ಲೇ ಹಲಗೆಗಳ ರಾಶಿ ಜಾರಿ ಅಪ್ಪನ ಬಲಗೈ ಮಣಿಕಟ್ಟು ಮುರಿಯಿತು. ಕಂಬಂ ಕಡೆಯ ದ್ರಾಕ್ಷಿ ಬೆಳೆಗಾರರ ಮನೆಯ ಮದುವೆಗೆ ಮಾಡಿದ್ದ ಹಲಸಿನ ಮರದ ಉಯ್ಯಾಲೆ ಹೊಳಪಿಗಾಗಿ ಕಾದು ಕೂತಿತ್ತು.

"ಇದೊಂದ ಮುಗ್ಸಿ ಹೋಗು ನನ್ ಕಣ್ಣು," ಎಂದಳು ಅಮ್ಮ. "ಕಲ್ಯಾಣದ ಮನೆ. ಇಲ್ಲ ಅನ್ನಾಕ ಆಗಲ್ಲ."

ಕೇರಳದ ಕಡೆಯಿಂದ ಕಣಿವೆಗೆ ತೇವದ ಗಾಳಿ ನುಗ್ಗುವ ಕಾಲ ಅದು. ತೇವ ತಗುಲಿದರೆ ಅರಗು ಬೆಳ್ಳಗಾಗುತ್ತದೆ. ಕಿಟಕಿಗಳಿಗೆ ಗೋಣಿ ಬಿಗಿದು, ಬಾಗಿಲು ಹಾಕಿಕೊಂಡು ಕೂತೆ. ಸ್ಪಿರಿಟ್ಟಿನ ಘಾಟಿಗೆ ತಲೆ ಸಿಡಿಯುತ್ತಿತ್ತು. ರಸ್ತೆಯಲ್ಲಿ ಕಂಡಕ್ಟರು "ದಿಂಡುಕ್ಕಲ್, ದಿಂಡುಕ್ಕಲ್" ಎಂದು ಕೂಗುವುದು ಕೇಳಿಸುತ್ತಿತ್ತು. ನಾನು ಹತ್ತಬೇಕಿದ್ದ ಬಸ್ಸು. ಇಷ್ಟೆಲ್ಲ ಮಾಡಿಯೂ ಒಂದು ಬೆಳಗ್ಗೆ ಹಲಗೆಯ ಮೇಲೆ ಹಾಲು ಚೆಲ್ಲಿದಂತೆ ಬಿಳುಪು ಎದ್ದಿತ್ತು. ಎಲ್ಲವನ್ನೂ ಒರೆಸಿ ಮೊದಲಿನಿಂದ ತೊಡಗಿದೆ.

ಉಯ್ಯಾಲೆ ನೋಡಲು ಮದುಮಗಳ ತಾಯಿ ಬಂದರು. ಹಲಗೆಯ ಮೇಲೆ ಅಂಗೈ ಆಡಿಸಿ, "ಯಾರ ಕೈ ಇದು?" ಎಂದು ಕೇಳಿದರು. ಅಪ್ಪ ಹೆಮ್ಮೆಯಿಂದ ನನ್ನನ್ನು ತೋರಿಸಿದರು.

"ಈ ಕೈಯ ಬಿಡಬ್ಯಾಡ ಅಣ್ಣ. ನನ್ನ ತಂಗಿ ಮನ್ಗೂ ಒಂದು ಮಂಚ ಬೇಕು."

ಅಪ್ಪ ಆಗಲಿ ಎಂದರು. ಅಮ್ಮ ನಕ್ಕಳು, ನಾನೂ ನಕ್ಕೆ. ಒಳಗೆ ಮಾತ್ರ ಯಾರೋ ಬಾಗಿಲು ಎಳೆದುಕೊಂಡ ಹಾಗಾಯಿತು. ಆ ಮಂಚದ ಹಿಂದೆ ಇನ್ನೊಂದು ಬಂತು. ಮರಗೆಲಸಕ್ಕೆ ಅಪ್ಪ ಕೂಲಿಗೊಬ್ಬ ಬಡಗಿಯನ್ನು ಇಟ್ಟುಕೊಂಡರು, ಹೊಳಪು ನನ್ನ ಪಾಲಿಗೆ. ಸೀರೆ ವ್ಯಾಪಾರಿ ಬೇರೆ ಹುಡುಗಿಯನ್ನು ಸೇರಿಸಿಕೊಂಡರು.

ಅಪ್ಪನ ಮಣಿಕಟ್ಟು ಕೂಡಿತು, ಕೈಗೆ ಬಲ ಬರಲಿಲ್ಲ. ಒಂದು ದಿನ ಊಟಕ್ಕೆ ಕೂತಾಗ ಅಪ್ಪ ತಲೆ ಎತ್ತದೆ ಹೇಳಿದರು: "ನಿನ್ನ ಇಲ್ಲೇ ಕಟ್ಟಿ ಹಾಕಿವ್ನಿ. ಬೇರೆ ವೇಲೆ-ಕೆಲ್ಸ ಹುಡುಕ್ಕ. ಇಲ್ಲೀದ ನಾ ನೋಡ್ಕತೀನಿ."

ನನ್ನ ಎದೆ ಹಗುರಾಯಿತು, ಅದಕ್ಕೆ ನಾಚಿಕೆಯೂ ಆಯಿತು. ಮರುದಿನ ಮಧ್ಯಾಹ್ನ ಅವರಿಗೆ ಕಾಫಿ ಕೊಡಲು ಕೊಟ್ಟಿಗೆಗೆ ಹೋದೆ. ಕುರ್ಚಿಯೊಂದರ ಮುಂದೆ ಕೂತು ಅಪ್ಪ ಎಡಗೈಯಲ್ಲಿ ತಿಕ್ಕುತ್ತಿದ್ದರು. ಉಂಡೆ ಅಂಟಿತು. ಎಳೆದರು. ಹೊಳಪು ಸಿಪ್ಪೆಯ ಹಾಗೆ ಎದ್ದು ಬಂತು. ಅದೇ ಜಾಗವನ್ನು ಮತ್ತೆ ತಿಕ್ಕಿದರು. ನಾನು ಬಾಗಿಲಲ್ಲಿ ನಿಂತಿದ್ದು ಅವರಿಗೆ ಗೊತ್ತಾಗಲಿಲ್ಲ.

ಸದ್ದಿಲ್ಲದೆ ಹಿಂದಕ್ಕೆ ಹೋಗಬಹುದಿತ್ತು. ಲೋಟ ನೆಲಕ್ಕಿಟ್ಟು ಅವರ ಕೈಯಿಂದ ಉಂಡೆ ತೆಗೆದುಕೊಂಡೆ. ಅವರು ಪಕ್ಕಕ್ಕೆ ಸರಿದು ಕೂತರು. ನಾನು ತಿಕ್ಕುವುದನ್ನು ನೋಡಿ, "ಎಣ್ಣೆ ಒಂದು ಹನಿ ಬಿಡು. ಉಂಡೆ ಒಣಗೈತೆ," ಎಂದರು.

"ಗೊತ್ತಪ್ಪ," ಎಂದೆ.

ಬೇರೆ ಕೆಲಸದ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಮೊನ್ನೆ ನಿಲಕ್ಕೋಟ್ಟೈಯ ಹೂವಿನ ವ್ಯಾಪಾರಿಯೊಬ್ಬರು ಕುರ್ಚಿಗಳು ಬೇಕೆಂದು ಫೋನು ಮಾಡಿದ್ದರು, ಅರಗು ಮಗಳೇ ಹಚ್ಚಬೇಕಂತೆ. ನಾನು ಪಕ್ಕದಲ್ಲೇ ಕೂತಿದ್ದೆ. ಅಪ್ಪ ನನ್ನ ಕಡೆ ನೋಡದೆ ಒಪ್ಪಿಕೊಂಡರು.