ಸೇತುವೆಯ ಮೇಲಿನ ಸಿದ್ದಪ್ಪ

ಮೊನ್ನೆ ಮಂಗಳವಾರ ಬೆಳಿಗ್ಗೆ, ಮೂಡಲಗಿಯಲ್ಲಿ ನಾನು ಕೆಲಸ ಮಾಡುವ ರಕ್ತ ತಪಾಸಣೆಯ ಲ್ಯಾಬಿನ ಮೆಟ್ಟಿಲ ಮೇಲೆ ಒಂದು ಹೋತ ನಿಂತಿತ್ತು. ಗಡ್ಡ ಬಿಟ್ಟುಕೊಂಡು, ನಾಲ್ಕೂ ಕಾಲು ಊರಿ, ಕಟ್ಟಡದ ಬಾಡಿಗೆ ತಾವೇ ಕಟ್ಟುತ್ತಿರುವವರ ಗತ್ತಿನಲ್ಲಿ. ಉಪವಾಸ ಹೊಟ್ಟೆಯಲ್ಲಿ ರಕ್ತ ಕೊಡಲು ಬಂದಿದ್ದ ಮುದುಕಿಯೊಬ್ಬಳು ಸೆರಗು ಬೀಸಿ ಓಡಿಸಲು ನೋಡಿದಳು. ಹೋತ ಆಕೆಯನ್ನು ನೋಡಿತು, ನನ್ನನ್ನು ನೋಡಿತು, ಮತ್ತೆ ರಸ್ತೆ ನೋಡುತ್ತ ನಿಂತಿತು. ನನ್ನ ಬಾಯಿಂದ ತಟ್ಟನೆ ಬಂದ ಮಾತು: "ಸಿದ್ದಪ್ಪ ಮಾವಾ, ದಾರಿ ಬಿಡ್ರಿ."

ಹೋತವನ್ನು ಕಂಡು ಹಿರಿಯರೊಬ್ಬರು ನೆನಪಾದರು ಎಂದರೆ ನೀವು ನನ್ನನ್ನು ಸಂಸ್ಕಾರವಿಲ್ಲದವಳು ಎಂದುಕೊಳ್ಳಬಹುದು. ಸ್ವಲ್ಪ ತಡೆಯಿರಿ. ತಪ್ಪು ನನ್ನದಲ್ಲ, ನಮ್ಮ ಕಾಕುವಿನದು.

ಕಾಕು ಎಂದರೆ ನನ್ನ ತಂದೆಯ ತಮ್ಮನ ಹೆಂಡತಿ. ಮನೆ ಗೋಕಾಕದಲ್ಲಿ. ನಾನು ಕುಲಗೋಡದಲ್ಲಿ ಓದುತ್ತಿದ್ದಾಗ ಸೂಟಿ ಬಿಟ್ಟ ಮರುದಿನವೇ ಬಸ್ಸು ಹತ್ತಿ ಆಕೆಯ ಮನೆಗೆ ಓಡುತ್ತಿದ್ದೆ. ಕಾರಣ ಕಾಕುವಿನ ಮೇಲಿನ ಪ್ರೀತಿ ಎಂದು ದಿನಚರಿಯಲ್ಲಿ ಬರೆದಿದ್ದೇನೆ. ನಿಜವಾದ ಕಾರಣ ಕಂಪ್ಯೂಟರ್. ಊರಲ್ಲಿ ಮುಚ್ಚಿಹೋದ ಒಂದು ಕಂಪ್ಯೂಟರ್ ಕ್ಲಾಸಿನಿಂದ ಕಾಕಾ ಅದನ್ನು ಅಗ್ಗದಲ್ಲಿ ತಂದಿದ್ದರು. ಅದರ ಹೊಟ್ಟೆಯಲ್ಲಿ ಒಂದು ಸಿ.ಡಿ. ಸಿಕ್ಕಿಕೊಂಡಿತ್ತು. ಕಾಕಾ ಟಾಚಣಿ ಹಾಕಿ ತಿವಿದರು, ರೇಡಿಯೋ ರಿಪೇರಿಯವನು ಬಂದು ಬಡಿದು ನೋಡಿದ. ಡಬ್ಬಿ ಬಾಯಿ ಬಿಡಲಿಲ್ಲ. ಹೀಗಾಗಿ ಬೇರೆ ಮಕ್ಕಳು ಕಾರು ಓಡಿಸುವ, ಗುಂಡು ಹಾರಿಸುವ ಆಟಗಳನ್ನು ವಾರಕ್ಕೊಂದರಂತೆ ಆಡುತ್ತಿದ್ದಾಗ ನಮ್ಮ ಪಾಲಿಗೆ ವರ್ಷಗಟ್ಟಲೆ ಇದ್ದದ್ದು ಅದೊಂದೇ ಆಟ.

ಅದರಲ್ಲಿ ಓಡುವುದಿಲ್ಲ, ಹೊಡೆಯುವುದಿಲ್ಲ. ಟೋಪಿ ಹಾಕಿಕೊಂಡ ಒಬ್ಬ ಪ್ರವಾಸಿ ಒಂದು ದ್ವೀಪದಲ್ಲಿ ಇಳಿಯುತ್ತಾನೆ. ಅವನನ್ನು ದೀಪಸ್ತಂಭದ ತನಕ ಮುಟ್ಟಿಸಬೇಕು. ಕಂಡ ವಸ್ತುವಿನ ಮೇಲೆ ಮೌಸ್ ಒತ್ತಿದರೆ ಅವನು ಅದನ್ನು ಕಿಸೆಗೆ ಹಾಕಿಕೊಳ್ಳುತ್ತಾನೆ. ಏಣಿಯಾಗಲಿ, ಮೀನಾಗಲಿ, ದೊಡ್ಡ ಗಂಟೆಯಾಗಲಿ, ಎಲ್ಲವೂ ಅದೇ ಕಿಸೆಗೆ. ಮುಂದೆ ಎಲ್ಲೋ ಒಂದು ಕಡೆ ದಾರಿ ಕಟ್ಟಾದಾಗ ಆ ಕಿಸೆಯಿಂದ ಸರಿಯಾದದ್ದನ್ನು ತೆಗೆದುಕೊಡಬೇಕು. ಯಾವುದು ಸರಿ ಎಂದು ಆಟ ಹೇಳುವುದಿಲ್ಲ. ಹೇಳಿದರೂ ಇಂಗ್ಲಿಷಿನಲ್ಲಿ ಹೇಳುತ್ತದೆ, ಅದು ನಮಗೆ ಬರುತ್ತಿರಲಿಲ್ಲ.

ಆಡುತ್ತಿದ್ದವರು ಇಬ್ಬರು, ನಾನು ಮತ್ತು ಮಲ್ಲು. ಮಲ್ಲು ಕಾಕುವಿನ ಅಣ್ಣನ ಮಗ, ಕಣಗಲಾದವನು. ಅವನೂ ಸೂಟಿಗೆ ಬರುತ್ತಿದ್ದ. ನಮ್ಮ ಹಿಂದೆ ಕುಳಿತು ಜೋಳ ಹಸನು ಮಾಡುತ್ತಿದ್ದ ಕಾಕು ಮೌಸ್ ಮುಟ್ಟುತ್ತಿರಲಿಲ್ಲ, ಆದರೆ ಹುಕುಮು ಎಲ್ಲ ಆಕೆಯದೇ. "ಆ ಹಗ್ಗ ತಗೋ. ಯಾಕಂತ ಕೇಳಬ್ಯಾಡ, ತಗೋ. ಹಗ್ಗ ಬಿಟ್ಟ ಬರ್ತಾರೇನು?" ಅಂಗಡಿಯವನು ಉತ್ತರ ಕೊಡದಿದ್ದರೆ, "ಮತ್ತೊಮ್ಮೆ ಕೇಳು. ಮೊದಲನೇ ಸಲ ಯಾರ ಖರೆ ಹೇಳ್ತಾರ?" ಎನ್ನುತ್ತಿದ್ದಳು. ಇವತ್ತಿಗೂ ಗೋಕಾಕದ ಸಂತೆಯಲ್ಲಿ ಆಕೆ ತರಕಾರಿ ಕೊಳ್ಳುವುದು ಇದೇ ಪದ್ಧತಿಯಲ್ಲಿ.

ಎಲ್ಲ ಸಲೀಸಾಗಿ ನಡೆದದ್ದು ಸೇತುವೆಯ ತನಕ. ಸೇತುವೆಯ ನಡುವೆ ಒಂದು ಹೋತ. ಒಂದು ಇಡೀ ಬೇಸಿಗೆ ಸೂಟಿ ನಾವು ಅದರ ಮುಂದೆ ನಿಂತೆವು. ಕಾಕು ಕಣಗಲಾದಲ್ಲಿ ಆಡುಗಳ ನಡುವೆಯೇ ಬೆಳೆದವಳಾದ್ದರಿಂದ ನಮಗೆ ಬಹಳ ಭರವಸೆ ಇತ್ತು. ಆಕೆ ಸೊಪ್ಪು ಕೊಡಿಸಿದಳು, ಉಪ್ಪು ನೆಕ್ಕಿಸಿದಳು, ಹಗ್ಗ ಹಾಕಿ ಎಳೆಸಿದಳು. ಹೋತ ಕದಲಲಿಲ್ಲ. ಕೊನೆಗೆ ಸಿಟ್ಟಿಗೆದ್ದ ಮಲ್ಲು ಕಿಸೆಯಲ್ಲಿದ್ದದ್ದನ್ನೆಲ್ಲ ಒಂದೊಂದಾಗಿ ಅದರ ಮೋರೆಗೆ ಒತ್ತುತ್ತ ಹೋದ. ಛತ್ರಿ ಒತ್ತಿದ ಕೂಡಲೇ ಹೋತ ಅದನ್ನು ಬಾಯಲ್ಲಿ ಬಿಚ್ಚಿ ಹಿಡಿದುಕೊಂಡು ನೆರಳಲ್ಲಿ ಹೊರಟುಹೋಯಿತು. ನಾವು ಕುಣಿದಾಡಿದೆವು. ಕಾಕು ಮಾತ್ರ ಜೋಳದ ಮೊರ ಕೆಳಗೆ ಇಟ್ಟು, "ಆಡೇನ ಇದು? ಛತ್ರಿ ಹಿಡಕೊಂಡ ಹೋಗೂದನ್ನ ನಮ್ಮ ವಂಶದಾಗ ಯಾರೂ ನೋಡಿಲ್ಲ" ಎಂದು ಎರಡು ದಿನ ಆಟದ ಕಡೆ ತಿರುಗಿಯೂ ನೋಡಲಿಲ್ಲ.

ದೀಪಸ್ತಂಭ ಮುಟ್ಟಿದಾಗ ದೂರದ ಕಡಲಲ್ಲಿ ಇನ್ನೊಂದು ದ್ವೀಪ ಕಾಣಿಸಿತು, 'ಮುಂದುವರಿಯುವುದು' ಎಂಬ ಅರ್ಥದ ಅಕ್ಷರ ಬಂತು, ಆಟ ಮುಗಿಯಿತು. ಅದು ಮುಂದುವರಿಯಲಿಲ್ಲ. ಮಾಡಿದ ಕಂಪನಿಯೇ ಮುಚ್ಚಿಹೋಯಿತಂತೆ. ನಾವು ದೊಡ್ಡವರಾದೆವು. ನಾನು ಮೂಡಲಗಿ ಸೇರಿದೆ, ಮಲ್ಲು ಹುಕ್ಕೇರಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟ.

ಕೆಲವು ವರ್ಷಗಳ ಹಿಂದೆ ಮಲ್ಲು ಒಂದು ಸುದ್ದಿ ತಂದ: ಆ ಆಟ ಮಾಡಿದ ಹಳಬರೇ ಮತ್ತೆ ಸೇರಿ ಎರಡನೇ ಭಾಗ ಮಾಡುತ್ತಾರಂತೆ, ಅದಕ್ಕೆ ಜಗತ್ತಿನ ಅಭಿಮಾನಿಗಳಿಂದಲೇ ಹಣ ಕೂಡಿಸುತ್ತಿದ್ದಾರಂತೆ. ಕ್ರೌಡ್‌ಫಂಡಿಂಗ್ ಎಂದರೇನು ಎಂದು ಕಾಕುವಿಗೆ ವಿವರಿಸಲು ನಾನು ತಯಾರಿ ಮಾಡಿಕೊಂಡು ಹೋಗಿದ್ದೆ. ಆಕೆ ಅರ್ಧಕ್ಕೇ ತಡೆದು, "ಪಟ್ಟಿ ಎತ್ತಾಕತ್ತಾರ ಅನ್ನು. ಊರಾಗ ನಾಟಕ ಆಡಾಕ ಎತ್ತೂದಿಲ್ಲೇನು? ಪಟ್ಟಿ ಕೊಟ್ಟವರ ಹೆಸರ ಮೈಕಿನ್ಯಾಗ ಹೇಳ್ತಾರೋ ಇಲ್ಲೋ?" ಎಂದಳು. ಹೇಳುತ್ತಾರೆ, ಅಷ್ಟೇ ಅಲ್ಲ, ಸ್ವಲ್ಪ ಹೆಚ್ಚು ಕೊಟ್ಟವರು ಆಟದೊಳಗಿನ ಒಂದು ಪ್ರಾಣಿಗೆ ತಮಗೆ ಬೇಕಾದ ಹೆಸರಿಡಬಹುದು ಎಂದೆ. ಕಾಕು ಒಂದು ಗಳಿಗೆಯೂ ಯೋಚಿಸಲಿಲ್ಲ.

"ಆ ಹೋತ ಐತೇನು ಇದರಾಗೂ?"

"ಐತಂತ."

"ಅದಕ್ಕ ಸಿದ್ದಪ್ಪ ಅಂತ ಇಡಸು."

ಸಿದ್ದಪ್ಪ ಆಕೆಯ ಸ್ವಂತ ಅಣ್ಣ, ಮಲ್ಲುವಿನ ಅಪ್ಪ. ಆ ವರ್ಷವೇ ಕಾಕುವಿನ ಮಗಳ ಮದುವೆಯಾಗಿತ್ತು. ಸೋದರಮಾವನಿಗೆ ಲಗ್ನಪತ್ರಿಕೆಯನ್ನು ಮನೆಗೆ ಹೋಗಿ, ಕುಂಕುಮ ಹಚ್ಚಿ, ಕೈಯಾರೆ ಕೊಡಬೇಕು. ಕಾಕಾ ಗಡಿಬಿಡಿಯಲ್ಲಿ ಅದನ್ನು ಕಣಗಲಾಕ್ಕೆ ಹೊರಟಿದ್ದ ಯಾರದೋ ಕೈಯಲ್ಲಿ ಕೊಟ್ಟು ಕಳಿಸಿಬಿಟ್ಟರು. ಮಾವ ಮದುವೆಗೆ ಬಂದರು, ಅಕ್ಷತೆ ಹಾಕಿದರು, ನೀರು ಸಹ ಕುಡಿಯದೆ ಹೋದರು. ಆ ಸಲ ನಾಗರ ಪಂಚಮಿಗೆ ತಂಗಿಯನ್ನು ಕರೆಯಲು ಬರಲಿಲ್ಲ. ನಮ್ಮ ಕಡೆ ಪಂಚಮಿಗೆ ಅಣ್ಣ ಬಂದು ಕರೆದರಷ್ಟೇ ತವರಿಗೆ ಹೋಗುವುದು; ತಾನಾಗಿಯೇ ಬಸ್ಸು ಹತ್ತಿ ಹೋಗುವುದು ಕಾಕುವಿನ ಜಾಯಮಾನದಲ್ಲಿಲ್ಲ. ಉಂಡಿ ಕಟ್ಟಿಟ್ಟು, ಹೊಸ ಸೀರೆ ಉಟ್ಟು, ಕತ್ತಲಾಗುವ ತನಕ ಬಾಗಿಲಲ್ಲಿ ಕೂತಿದ್ದಳು. ಹೋತಕ್ಕೆ ಹೆಸರು ಬಿದ್ದದ್ದು ಅದಾದ ಮರುವಾರ.

ಆಟ ಮುಂದಿನ ವರ್ಷದ ದೀಪಾವಳಿಗೆ ಎಂದಿದ್ದರು. ದೀಪಾವಳಿಗೆ ಆಟದ ಬದಲು ಪತ್ರ ಬಂತು. ಆಮೇಲೆ ಪತ್ರಗಳದೇ ಸುಗ್ಗಿ. ನನಗೆ ದಿನಾಂಕ ಬರೆದಿಡುವ ಚಟ. ಗ್ಯಾಸ್ ಸಿಲಿಂಡರ್ ಬದಲಿಸಿದ್ದನ್ನೂ ಬಿಡುವವಳಲ್ಲ. ಹಾಗಾಗಿ ಅವರ ನೆವಗಳನ್ನು ಕಾರಣವಾರು ವಿಂಗಡಿಸಿ ಗೆರೆ ಹಾಕುತ್ತಿದ್ದೆ: ಒಮ್ಮೆ ಚಿತ್ರಕಾರನಿಗೆ ಬೆನ್ನುನೋವು, ಒಮ್ಮೆ ಸಂಗೀತದವನು ಬಿಟ್ಟುಹೋದ, ಹೆಚ್ಚಿನ ಸಲ 'ನಿಮಗಾಗಿ ಇನ್ನಷ್ಟು ಸುಂದರವಾಗಿಸುತ್ತಿದ್ದೇವೆ'. ಭಾನುವಾರ ಗೋಕಾಕಕ್ಕೆ ಹೋಗಿ ಕನ್ನಡದಲ್ಲಿ ಓದಿ ಹೇಳಿದರೆ ಕಾಕು, "ನಮ್ಮ ಬ್ಲೌಸ್ ಹೊಲಿಯಾಂವನೂ ಹಿಂಗಽ ಅಂತಾನ. ಗುಂಡಿ ಹಚ್ಚೂದಷ್ಟ ಉಳದೈತ್ರಿ ಅಂದ್ರ ಇನ್ನೂ ಅರಿವಿ ಕತ್ತರಿಸಿಲ್ಲಂತ ತಿಳೀಬೇಕು" ಎನ್ನುತ್ತಿದ್ದಳು.

ನಾನು ಹೊಸ್ತಿಲು ದಾಟುತ್ತಿದ್ದಂತೆ ಆಕೆ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. "ನಮ್ಮಣ್ಣ ಬಂದನೇನು?"

ಆಟದ ಹೋತದ ಬಗ್ಗೆಯೇ ಕೇಳುತ್ತಿದ್ದಳು, ನಗುತ್ತಲೇ ಕೇಳುತ್ತಿದ್ದಳು. ಶ್ರಾವಣ ಹತ್ತಿರ ಬಂದಾಗ ಮಾತ್ರ ನಗುತ್ತಿರಲಿಲ್ಲ. "ಇಲ್ಲ ಕಾಕು, ಇನ್ನೂ ತಡ ಐತಂತ" ಎನ್ನುವುದು ನನಗೆ ಕಷ್ಟವಾಗುತ್ತಿತ್ತು. ಹೀಗೆ ನಾಲ್ಕು ಪಂಚಮಿ ಹೋದವು.

ಹೋದ ವರ್ಷ ಪಂಚಮಿಯ ಹಿಂದಿನ ದಿನ ಮಧ್ಯಾಹ್ನ, ಹೇಳದೆ ಕೇಳದೆ, ಸಿದ್ದಪ್ಪ ಮಾವ ಬೈಕಿನ ಮೇಲೆ ಬಂದು ಬಾಗಿಲಲ್ಲಿ ನಿಂತರು. "ಗೋಕಾಕಕ್ಕ ಟೈರ್ ತಗೊಳ್ಳಾಕ ಬಂದಿದ್ನಿ. ಹೆಂಗೂ ಬಂದೇನಿ, ಬರೂದಿದ್ರ ಬಾ" ಎಂದರು. ಹುಕ್ಕೇರಿ, ಸಂಕೇಶ್ವರ ಎಲ್ಲ ಬಿಟ್ಟು ಟೈರಿಗಾಗಿ ಗೋಕಾಕಕ್ಕೆ ಯಾಕೆ ಬಂದಿರಿ ಎಂದು ಯಾರೂ ಕೇಳಲಿಲ್ಲ. ಕಾಕು ಚೀಲ ತುಂಬಲು ತೆಗೆದುಕೊಂಡ ಸಮಯದಲ್ಲಿ ಅವರ ಚಹಾ ಆರಿರಲಿಲ್ಲ.

ಕಣಗಲಾದಿಂದ ಬಂದ ಮೇಲೆ, ಕೈಯಲ್ಲಿ ಇನ್ನೂ ಪಂಚಮಿಯ ಜೋಕಾಲಿ ಹಗ್ಗದ ಕೆಂಪು ಗೆರೆ ಇರುವಾಗಲೇ, ಆಕೆ ನನಗೆ ಹೇಳಿದ ಮೊದಲ ಮಾತು: "ಅವ್ವಿ, ಆ ಹೋತಿನ ಹೆಸರ ತಗಸು. ಲಗೂನ ತಗಸು."

ಬರೆದೆ. 'ನಿಮ್ಮ ಸಂದೇಶ ನಮಗೆ ಬಹಳ ಮುಖ್ಯ' ಎಂದು ಯಂತ್ರವೊಂದು ಉತ್ತರಿಸಿತು. ಮತ್ತೆ ಬರೆದೆ. ಮತ್ತೂ ಮುಖ್ಯವಾಯಿತು. ಆಗ ನಮ್ಮ ಮನೆಯಲ್ಲಿ ಗಾಳಿಯೇ ತಿರುಗಿತು. ಇಷ್ಟು ವರ್ಷ ಆಟ ಬೇಗ ಬರಲಿ ಎಂದು ಶಾಪ ಹಾಕುತ್ತಿದ್ದವರು, ಬಾರದಿರಲಿ ಎಂದು ಹರಕೆ ಹೊರತೊಡಗಿದೆವು. ಚಿತ್ರಕಾರನ ಬೆನ್ನು ಮತ್ತೆ ಹಿಡಿದುಕೊಂಡಿದೆ ಎಂದು ಓದಿದ ದಿನ ಕಾಕು, "ಪಾಪ" ಎಂದು ದೀಪ ಹಚ್ಚಿದಳು. ಹಣ ಕೊಟ್ಟವರೆಲ್ಲ ಬಂದು ಬೈಯುವ ಜಾಗದಲ್ಲಿ ನಾನು 'ಅವಸರವಿಲ್ಲ, ನಿಧಾನವಾಗಿ ಮಾಡಿರಿ' ಎಂದು ಬರೆದೆ. ಯಾವುದೋ ದೇಶದ ಒಬ್ಬ ಮಹಾಶಯ, 'ನೀನು ಅವರ ಸಂಬಂಧಿಯೇ ಇರಬೇಕು' ಎಂದು ಜಾಡಿಸಿದ.

ಆದರೆ ತಡ ಮಾಡುವವರನ್ನು ಎಷ್ಟೆಂದು ನಂಬುವುದು? ಈ ವರ್ಷ ಪಂಚಮಿಗೆ ವಾರವಿರುವಾಗ ಆಟ ಬಂದೇಬಿಟ್ಟಿತು. ಮಲ್ಲುವೂ ಪಟ್ಟಿ ಕೊಟ್ಟವನೇ. ಹುಕ್ಕೇರಿಯಿಂದ ಫೋನ್ ಮಾಡಿದ. ಅವನ ದನಿ ವಿಚಿತ್ರವಾಗಿತ್ತು.

"ಸೇತುವೆ ತನಕಾ ಬಂದೇನಿ. ಅಲ್ಲಿ ನಮ್ಮಪ್ಪ ನಿಂತಾನ."

"ಮಾವಗ ಹೇಳಿಯೇನು?"

"ನಾ ಯಾಕ ಹೇಳ್ಲಿ? ಖರೆ, ದಿನಾ ಅಂಗಡಿಗೆ ಬಂದ ಕೂಡ್ತಾನ. ಇವತ್ತಲ್ಲ ನಾಳೆ ನೋಡ್ತಾನ."

ಇನ್ನೊಮ್ಮೆ ಮುನಿಸಿಕೊಂಡರೆ ಮಾವ ಇನ್ನೆಷ್ಟು ಪಂಚಮಿ ಬಾರದೆ ನಿಲ್ಲುತ್ತಾರೋ? ಮಲ್ಲು ಅಂಗಡಿಯಲ್ಲಿ ಅದನ್ನು ತೆರೆಯದಿರಲಿ ಎಂದು ನಾನು ಸಲಹೆ ಕೊಟ್ಟೆ. ಕಾಕು ಒಪ್ಪಲಿಲ್ಲ. ಆಕೆ ಹೇಳಿದಳು: "ಪತ್ರಿಕಿ ಬ್ಯಾರೇದವರ ಕೈಯಾಗ ಹೋದದ್ದಕ್ಕ ಇಷ್ಟೆಲ್ಲಾ ಆತು. ಇದೂ ಬ್ಯಾರೇದವರ ಕೈಯಾಗ ಹೋಗೂದು ಬ್ಯಾಡ. ಕರಿಯಾಕ ಬರ್ತಾನಲ್ಲ, ನಾನಽ ತೋರಸ್ತೀನಿ."

ಪಂಚಮಿಯ ಹಿಂದಿನ ದಿನ ಮಾವ ಬಂದರು, ನಾನೂ ರಜೆ ಹಾಕಿ ಗೋಕಾಕದಲ್ಲೇ ಇದ್ದೆ. ಈ ಸಲ ಟೈರಿನ ಮಾತಿರಲಿಲ್ಲ. ಕಾಕು ಅವರನ್ನು ನನ್ನ ಲ್ಯಾಪ್‌ಟಾಪಿನ ಮುಂದೆ ಕುಳ್ಳಿರಿಸಿದಳು. ಕಾಕಾ ಮಳೆ ಬರುವ ಹಾಗಿದೆಯೇ ನೋಡುತ್ತೇನೆಂದು ಅಂಗಳಕ್ಕೆ ಹೋದರು, ಆಕಾಶ ಸ್ವಚ್ಛವಾಗಿತ್ತು. ಮಾವ ಚಷ್ಮಾ ಏರಿಸಿದರು.

"ಇದೇನು?"

"ಹೋತ" ಎಂದೆ.

"ಅದು ಕಾಣ್ತೈತಿ. ಅದರ ಮ್ಯಾಲ ಏನ್ ಬರದಾರ?"

ನಾನು ಬಾಯಿ ಬಿಡುವ ಮೊದಲೇ, ಬಸ್ಸಿನ ಬೋರ್ಡು ಓದುವ ಹಾಗೆ ಅವರೇ ಅಕ್ಷರ ಕೂಡಿಸಿ ಓದಿಕೊಂಡರು. ಓದಿ ಮುಗಿದದ್ದು ನಮಗೆ ಗೊತ್ತಾಯಿತು, ಯಾಕೆಂದರೆ ಹೆಗಲ ಮೇಲಿನ ಟವೆಲ್ ಕೈಗೆ ಬಂತು.

"ನಾನಽ ಇಡಿಸಿದ್ನಿ ಅಣ್ಣಾ" ಎಂದಳು ಕಾಕು. "ನೀ ಬರಲಾರದ ವರ್ಷ. ಸಿಟ್ಟ ಬಂದಿತ್ತು."

ಮಾವ ಪರದೆಯನ್ನು ನೋಡುತ್ತಲೇ ಇದ್ದರು. "ಮುಂದ ಏನ್ಮಾಡ್ತಾನ ಇಂವಾ?"

ನಾನು ಹೋತದ ಮೇಲೆ ಮೌಸ್ ಒತ್ತಿದೆ. ಈಗಿನ ಆಟಗಾರರಿಗೆ ತಾಳ್ಮೆ ಕಡಿಮೆ ಎಂದು ಹೊಸ ಭಾಗವನ್ನು ಬಹಳ ಸುಲಭ ಮಾಡಿದ್ದಾರೆ. ಪ್ರವಾಸಿ 'ದಯವಿಟ್ಟು ಸ್ವಲ್ಪ ಸರಿಯುತ್ತೀರಾ?' ಎಂದದ್ದನ್ನು ನಾನು ಕನ್ನಡದಲ್ಲಿ ಹೇಳಿದೆ. ಹೋತ ತಲೆಯಾಡಿಸಿ ಪಕ್ಕಕ್ಕೆ ಸರಿಯಿತು. ಅಷ್ಟೇ. ನಮ್ಮ ಒಂದು ಇಡೀ ಬೇಸಿಗೆ ಒಂದು ಕ್ಲಿಕ್ಕಿಗೆ ಇಳಿದಿತ್ತು.

ಮಾವ ಕುರ್ಚಿಯಿಂದ ಅರ್ಧ ಎದ್ದರು. "ಇಷ್ಟಕ್ಕ ಬಿಟ್ಟನ? ನನ್ನ ಹೆಸರ ಇಟ್ಕೊಂಡಾಂವ ಇಷ್ಟಕ್ಕ ಹಾದಿ ಬಿಟ್ಟನ? ಮರ್ಯಾದಿ ಕಳದ್ನಲ್ಲೋ! ನಾ ಎಷ್ಟ ವರ್ಷ ನಿಂತಿದ್ನಿ, ಕೇಳ ನಿಮ್ಮ ಕಾಕುನ್ನ."

ಆ ನಾಲ್ಕು ವರ್ಷಗಳ ಬಗ್ಗೆ ನಮ್ಮ ಮನೆಯಲ್ಲಿ ಯಾರಾದರೂ ಬಾಯಿ ಬಿಟ್ಟು ಆಡಿದ ಮೊದಲ ಮಾತು ಅದು.

"ನಿಂತ ಏನ್ ಗಳಿಸಿದಿ?" ಕಾಕುವಿನ ದನಿ ಗಟ್ಟಿಯಾಗಿರಲಿಲ್ಲ.

ಮಾವ ಚಷ್ಮಾ ತೆಗೆದು ಟವೆಲಿನಿಂದ ಒರೆಸಿದರು. "ಏನ್ ಗಳಸೂದು? ಕಾಲ ನೋತುವು." ಪರದೆಯ ಕಡೆ ಬೆರಳು ಮಾಡಿ, "ಇಂವಗ ಒಬ್ಬ ಅಂದ ನೋಡು, ಸರೀರಿ ಅಂತ. ನನಗ ಯಾರೂ ಅನ್ನಲಿಲ್ಲ ತಂಗಿ. ನೀನೂ ಅನ್ನಲಿಲ್ಲ" ಎಂದರು.

ಕಾಕು ಒಳಗೆ ಹೋದಳು. ಒಲೆಯ ಮುಂದೆ ಬಹಳ ಹೊತ್ತು ಇದ್ದಳು. ಎರಡು ಕಪ್ಪು ಹಿಡಿದು ಬಂದು ಮಾವನ ಮುಂದೆ ನಿಂತು, "ಅಣ್ಣಾ, ಆ ಕಡೆ ಸರಿ. ನಾನೂ ಕೂಡ್ತೀನಿ" ಎಂದಳು. ಮಾವ ಕುರ್ಚಿ ಬಿಟ್ಟು ಚಾಪೆಗೆ ಇಳಿದು, ಪಕ್ಕದಲ್ಲಿ ಜಾಗ ಮಾಡಿಕೊಟ್ಟರು.

ಇಬ್ಬರೂ ಕಣಗಲಾಕ್ಕೆ ಹೋಗಿ ಇವತ್ತಿಗೆ ವಾರ ದಾಟಿತು. ಪಂಚಮಿ ಮುಗಿದರೂ ಕಾಕು ಬರುವ ಸುಳಿವಿಲ್ಲ. ಮಾವ ಊರಿನವರನ್ನು ಕರೆದುಕೊಂಡು ಬಂದು ಹುಕ್ಕೇರಿಯ ಅಂಗಡಿಯಲ್ಲಿ ಸಾಲಾಗಿ ಕೂರಿಸಿ ಹೋತ ತೋರಿಸುತ್ತಿದ್ದಾರೆ, ರಿಪೇರಿ ಕೆಲಸ ನಿಂತಿದೆ ಎಂದು ಮಲ್ಲು ಗೋಳಾಡುತ್ತಿದ್ದಾನೆ. ಹೊರಡುವ ಮೊದಲು ಮಾವ ಹೇಳಿದ್ದಕ್ಕೆ ನಾನು ಹೋತವನ್ನು ಮತ್ತೆ ಸೇತುವೆಯ ನಡುವೆ ತಂದು ನಿಲ್ಲಿಸಿದ್ದೆ. ಆಚೆ ಹೊಸ ದ್ವೀಪವಿದೆ. ಇಷ್ಟು ವರ್ಷ ನಾನು ಪತ್ರ ಓದಿ ಓದಿ ಕಾದದ್ದು ಅದಕ್ಕೇ. ಮೂಡಲಗಿಯ ಕೋಣೆಯಲ್ಲಿ ಸಂಜೆ ಆಟ ತೆರೆಯುತ್ತೇನೆ, ಆ ಸಿದ್ದಪ್ಪನ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಮುಚ್ಚುತ್ತೇನೆ. ಕೇಳಿದರೆ ಸರಿಯುತ್ತಾನೆ, ಗೊತ್ತು. ಕಾಕು ಬರಲಿ. ಆಕೆಯೇ ಕೇಳಲಿ.